ಬ್ಲಾಗಿನ ಬರಹ ಸಂಘದ ಜಾಲತಾಣದಲ್ಲಿ ತಾನಾಗಿ ಕಾಣಬೇಕೇ?

ಪ್ರಶ್ನೆ: ನಾನು ಸೇಡಂ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಳಖೇಡ, ಸನ್ನತಿ, ನಾಗಾವಿ ಮೊದಲಾದ ಊರುಗಳ ಚರಿತ್ರೆಯ ಬಗ್ಗೆ ಗೂಗಲ್‌ನ ಬ್ಲಾಗ್ ಸೇವೆಯಾದ ಬ್ಲಾಗರ್‌ನಲ್ಲಿ ಬರೆಯುತ್ತೇನೆ. ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ಜಾಲತಾಣವಿದೆ. ಕಲಬುರಗಿಯಲ್ಲಿ ಓದುತ್ತಿರುವ ಹುಡುಗರು ಅದನ್ನು ನೋಡಿಕೊಳ್ಳುತ್ತಾರೆ. ನನ್ನ ಲೇಖನಗಳನ್ನು ಅವರು ನಕಲು ಮಾಡಿ ಅಲ್ಲಿ ಅಂಟಿಸುತ್ತಾರೆ. ಬ್ಲಾಗಿನಲ್ಲಿ ನಾನು ತಿದ್ದಿದರೂ ಅಲ್ಲಿ ತಪ್ಪು ಹಾಗೆಯೇ ಉಳಿಯುತ್ತದೆ. ಫೀಡ್ (ಬ್ಲಾಗಿನ ಇತ್ತೀಚಿನ ಬರಹಗಳನ್ನು ಬೇರೆ ತಾಣಗಳು ಓದಿಕೊಳ್ಳುವಂತೆ ಕೊಡುವ ಕಡತ) ಮೂಲಕ ತಾನಾಗಿ ಬರುವಂತೆ ಒಬ್ಬ ಹುಡುಗ ಮಾಡಿ ನೋಡಿದ. ಹೊಸ ಲೇಖನ ಅರ್ಧ ದಿನ ತಡವಾಗಿ ಬರುತ್ತಿದೆ, ಸಾರಾಂಶದ ಕೊನೆಯಲ್ಲಿ ಅಕ್ಷರ ಒಡೆಯುತ್ತಿದೆ, ಹಳೆಯ ಕೆಲವು ಲೇಖನಗಳನ್ನಂತೂ ಓದಲಿಕ್ಕೇ ಆಗುವುದಿಲ್ಲ. ಗೂಗಲ್ ರೀಡರ್ ಮುಚ್ಚಿದ ಮೇಲೆ ಫೀಡಿನ ಕಾಲ ಮುಗಿಯಿತು ಎಂದೂ ಒಬ್ಬರು ಹೇಳಿದರು. ಏನು ಮಾಡಬೇಕು? ಬೀದರ್, ಯಾದಗಿರಿಯ ಗೆಳೆಯರ ಬ್ಲಾಗುಗಳನ್ನೂ ಜೊತೆಗೆ ಸೇರಿಸಬಹುದೇ?

ಉತ್ತರ: ಗುರುಗಳೇ, ಮೊದಲು ನಕಲು ಮಾಡಿ ಅಂಟಿಸುವುದನ್ನು ನಿಲ್ಲಿಸಲು ಹುಡುಗರಿಗೆ ಹೇಳಿ. ಸಂಘದ ಜಾಲತಾಣದಲ್ಲಿ ನಿಮ್ಮ ಲೇಖನದ ಶೀರ್ಷಿಕೆ, ನಿಮ್ಮ ಹೆಸರು, ದಿನಾಂಕ ಮತ್ತು ಮೊದಲ ಎರಡು ಮೂರು ಸಾಲು ಕಾಣಲಿ, ಅಷ್ಟು ಸಾಕು. ಪೂರ್ತಿ ಓದಬೇಕೆನ್ನುವವರು ಶೀರ್ಷಿಕೆಯನ್ನು ಒತ್ತಿ ನಿಮ್ಮ ಬ್ಲಾಗಿಗೇ ಬರಲಿ. ಫೀಡ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹುಡುಗ ಹಿಡಿದ ದಾರಿ ಸರಿಯಾಗಿಯೇ ಇದೆ. ನೀವು ಹೇಳಿದ ಮೂರೂ ತೊಂದರೆಗಳಿಗೆ ಕಾರಣ ಗೊತ್ತಿರುವಂಥದ್ದು, ಪರಿಹಾರವೂ ಇದೆ.

ಪೂರ್ತಿ ಲೇಖನವನ್ನು ಎರಡು ಕಡೆ ಇಡಬೇಡಿ ಎಂದು ಒತ್ತಿ ಹೇಳಲು ಕಾರಣವನ್ನು ನಿಮ್ಮ ವಿಷಯದಿಂದಲೇ ಕೊಡುತ್ತೇನೆ. ಸನ್ನತಿಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಸಿಕ್ಕದ್ದು ಅಶೋಕನ ಶಾಸನವಿರುವ ಕಲ್ಲು. ‘ರಾಯ ಅಶೋಕೋ’ ಎಂದು ಬರೆದಿರುವ ಉಬ್ಬುಶಿಲ್ಪ ಸಿಕ್ಕದ್ದು ಅಲ್ಲಿಗೆ ಹತ್ತಿರದ ಕನಗನಹಳ್ಳಿಯ ಸ್ತೂಪದ ಉತ್ಖನನದಲ್ಲಿ. ಎರಡೂ ಒಂದೇ ಕಡೆ ಸಿಕ್ಕವು ಎಂಬಂತೆ ಬರೆಯುವುದುಂಟು. ನಿಮ್ಮ ಲೇಖನದಲ್ಲಿಯೂ ಅಂಥ ಒಂದು ವಾಕ್ಯ ನುಸುಳಿತು, ಯಾರೋ ಗಮನಕ್ಕೆ ತಂದರು, ನೀವು ಬ್ಲಾಗಿನಲ್ಲಿ ತಿದ್ದಿದಿರಿ ಎಂದಿಟ್ಟುಕೊಳ್ಳಿ. ಸಂಘದ ಜಾಲತಾಣದಲ್ಲಿ ಅಂಟಿಸಿದ ಪ್ರತಿಯಲ್ಲಿ ತಪ್ಪು ಉಳಿಯಿತು. ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತ ಹಳೆಯ ವಿದ್ಯಾರ್ಥಿ ಅದನ್ನೇ ಓದಿ ವಾಟ್ಸಾಪ್‌ನಲ್ಲಿ ನಾಲ್ಕು ಗುಂಪುಗಳಿಗೆ ಕಳಿಸಿದ. ಈಗ ನಿಮ್ಮ ಹೆಸರಿನಲ್ಲಿಯೇ ತಪ್ಪು ಊರೂರು ತಿರುಗುತ್ತಿದೆ, ಅದನ್ನು ಹಿಂದಕ್ಕೆ ಕರೆಯುವ ದಾರಿ ನಿಮ್ಮ ಕೈಯಲ್ಲಿಲ್ಲ. ಸ್ಥಳೀಯ ಚರಿತ್ರೆ ಬರೆಯುವವರಿಗೆ ತಿದ್ದುವ ಹಕ್ಕು ಬರೆಯುವ ಹಕ್ಕಿನಷ್ಟೇ ಮುಖ್ಯ. ಅದು ಉಳಿಯಬೇಕಾದರೆ ಲೇಖನಕ್ಕೆ ಒಂದೇ ವಿಳಾಸವಿರಬೇಕು.

ಫೀಡಿನಿಂದ ಬಂದದ್ದನ್ನು ಪೂರ್ಣ ಲೇಖನವಾಗಿ ಪರಿವರ್ತಿಸಿ ವರ್ಡ್‌ಪ್ರೆಸ್‌ನಲ್ಲಿ ತಾನೇ ಪ್ರಕಟಿಸುವ ಸಣ್ಣ ಪೂರಕ ತಂತ್ರಾಂಶಗಳಾದ ಪ್ಲಗಿನ್‌ಗಳಿವೆ. ಹುಡುಗರು ಅದನ್ನು ಸೂಚಿಸಬಹುದು, ಕೆಲಸ ಸುಲಭ ಅನ್ನಿಸುವುದರಿಂದ. ನಾನು ಬೇಡ ಎನ್ನುತ್ತೇನೆ. ಅದು ಯಂತ್ರ ಮಾಡುವ ನಕಲು, ಅಷ್ಟೇ. ಬ್ಲಾಗಿನಲ್ಲಿ ನೀವು ಅಳಿಸಿದ ಲೇಖನ ಅಲ್ಲಿ ಬದುಕಿರುತ್ತದೆ. ಬ್ಲಾಗರ್‌ನ ಫೀಡ್ ಸಾಮಾನ್ಯವಾಗಿ ಇತ್ತೀಚಿನ 25 ಬರಹಗಳನ್ನು ಮಾತ್ರ ಕೊಡುತ್ತದೆ. ಅದಕ್ಕಿಂತ ಹಿಂದಿನ ಲೇಖನವನ್ನು ನೀವು ತಿದ್ದಿದರೆ ಆ ಸುದ್ದಿ ಪ್ಲಗಿನ್‌ಗೆ ಮುಟ್ಟುವುದೇ ಇಲ್ಲ. ಒಂದೇ ಬರಹ ಎರಡು ವಿಳಾಸಗಳಲ್ಲಿದ್ದರೆ ಯಾವುದು ಮೂಲ ಎಂದು ಹುಡುಕು ಯಂತ್ರವೂ ಗೊಂದಲಕ್ಕೆ ಬೀಳುತ್ತದೆ. ಎಷ್ಟೋ ಸಲ ನಕಲೇ ಮೇಲೆ ಬಂದು ಮೂಲ ಕೆಳಗೆ ಉಳಿಯುತ್ತದೆ.

ಇನ್ನು ಫೀಡಿನ ಕಾಲ ಮುಗಿಯಿತು ಎಂಬ ಮಾತು. ಗೂಗಲ್ ರೀಡರ್ ಮುಚ್ಚಿದ್ದು 2013ರ ಜುಲೈನಲ್ಲಿ. ಮುಚ್ಚಿದ್ದು ಫೀಡ್ ಓದುವ ಒಂದು ಸಾಧನ ಮಾತ್ರ. ಫೀಡ್ ಯಾವುದೇ ಕಂಪನಿಯ ಆಸ್ತಿಯಲ್ಲ. 1999ರಲ್ಲಿ ನೆಟ್‌ಸ್ಕೇಪ್ ತನ್ನ ಮುಖಪುಟದಲ್ಲಿ ಬೇರೆ ತಾಣಗಳ ತಲೆಬರಹ ತೋರಿಸಲು ಫೀಡಿನ ಒಂದು ಮಾದರಿಯಾದ ಆರ್‌ಎಸ್‌ಎಸ್ ಅನ್ನು ರೂಪಿಸಿತು. ಎಂದರೆ ನೀವು ಈಗ ಮಾಡಲು ಹೊರಟಿರುವ ಕೆಲಸಕ್ಕಾಗಿಯೇ ಅದು ಹುಟ್ಟಿದ್ದು. ಆರ್‌ಎಸ್‌ಎಸ್ 2.0 ಬಂದದ್ದು 2002ರಲ್ಲಿ. ಅದರ ಸಹೋದರನಂತಿರುವ ಆಟಮ್ 2005ರ ಡಿಸೆಂಬರ್‌ನಲ್ಲಿ ಅಂತರ್ಜಾಲದ ಅಧಿಕೃತ ಮಾನದಂಡವಾಯಿತು. ಇಂದಿಗೂ ಹೆಚ್ಚಿನ ಪಾಡ್‌ಕಾಸ್ಟ್‌ಗಳು ಕೇಳುಗರ ಮೊಬೈಲಿಗೆ ತಲುಪುವುದು ಆರ್‌ಎಸ್‌ಎಸ್ ಮೂಲಕವೇ. ನಿಮ್ಮ ಬ್ಲಾಗರ್ ತಾಣ ನೀವು ಕೇಳದೆಯೇ ಎರಡೂ ಬಗೆಯ ಫೀಡುಗಳನ್ನು ಸಿದ್ಧವಾಗಿಟ್ಟಿದೆ.

ಅದನ್ನು ಕಣ್ಣಾರೆ ನೋಡಬೇಕೆಂದರೆ ಕಂಪ್ಯೂಟರಿನ ಬ್ರೌಸರ್‌ನಲ್ಲಿ ನಿಮ್ಮ ಬ್ಲಾಗಿನ ವಿಳಾಸ ಬರೆದು, ಅದರ ಮುಂದೆ ಓರೆಗೆರೆ ಹಾಕಿ ಫೀಡ್ಸ್, ಮತ್ತೊಂದು ಓರೆಗೆರೆ ಹಾಕಿ ಪೋಸ್ಟ್ಸ್, ಮತ್ತೊಂದು ಹಾಕಿ ಡಿಫಾಲ್ಟ್ ಎಂದು ಇಂಗ್ಲಿಷಿನಲ್ಲಿ ಸೇರಿಸಿ. ತೆರೆದುಕೊಳ್ಳುವುದು ಆಟಮ್ ಫೀಡ್. ನೋಡಲು ಚೆಂದವಿಲ್ಲ, ಚಿಹ್ನೆಗಳೇ ತುಂಬಿರುತ್ತವೆ. ಆದರೂ ಒಂದು ನಿಮಿಷ ತಾಳ್ಮೆಯಿಂದ ನೋಡಿ. ಪ್ರತಿ ಬರಹಕ್ಕೂ ಶೀರ್ಷಿಕೆ, ಕೊಂಡಿ, ಪ್ರಕಟಿಸಿದ ಸಮಯ, ಕೊನೆಯದಾಗಿ ತಿದ್ದಿದ ಸಮಯ, ಲೇಖಕರ ಹೆಸರು, ಬರಹದ ಒಡಲು ಇರುತ್ತವೆ. ಜೊತೆಗೆ ಪ್ರತಿಯೊಂದಕ್ಕೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ನೀವು ಶೀರ್ಷಿಕೆ ಬದಲಿಸಿದರೂ ಆ ಸಂಖ್ಯೆ ಬದಲಾಗುವುದಿಲ್ಲ, ಹಾಗಾಗಿ ಇದು ಹೊಸ ಲೇಖನವೋ ಹಳೆಯದರ ತಿದ್ದುಪಡಿಯೋ ಎಂಬುದು ಓದುವ ಯಂತ್ರಕ್ಕೆ ತಿಳಿಯುತ್ತದೆ. ಶಾಸನಗಳ ಬಗ್ಗೆ ಬರೆದವು ಮಾತ್ರ ಸಂಘದ ತಾಣಕ್ಕೆ ಹೋಗಲಿ, ಮನೆಯ ವಿಷಯ ಬೇಡ ಎಂದಾದರೆ ಅದೂ ಸಾಧ್ಯ: ಅದೇ ವಿಳಾಸದ ಮುಂದೆ ಓರೆಗೆರೆ, ಅಡ್ಡಗೆರೆ, ಓರೆಗೆರೆ ಹಾಕಿ ಆ ಬರಹಗಳಿಗೆ ನೀವು ಕೊಟ್ಟ ಲೇಬಲ್‌ನ ಹೆಸರು ಬರೆಯಿರಿ. ಕನ್ನಡದ ಲೇಬಲ್ ಆದರೂ ನಡೆಯುತ್ತದೆ.

ಈಗ ತಡವಾಗುವ ತೊಂದರೆಗೆ ಬರೋಣ. ವರ್ಡ್‌ಪ್ರೆಸ್ ಒಮ್ಮೆ ತಂದ ಫೀಡನ್ನು ತನ್ನಲ್ಲಿಯೇ ಸಂಗ್ರಹಿಸಿಟ್ಟುಕೊಳ್ಳುತ್ತದೆ. ಆ ಸಂಗ್ರಹದ ಆಯುಷ್ಯ 43,200 ಸೆಕೆಂಡು, ಅಂದರೆ ಸರಿಯಾಗಿ 12 ಗಂಟೆ. ನಿಮ್ಮ ಅರ್ಧ ದಿನದ ಲೆಕ್ಕ ಅಲ್ಲಿಂದಲೇ ಬಂದದ್ದು. ಅವಧಿಯನ್ನು ಬದಲಿಸಲು ‘ಡಬ್ಲ್ಯುಪಿ ಫೀಡ್ ಕ್ಯಾಶ್ ಟ್ರಾನ್ಸಿಯೆಂಟ್ ಲೈಫ್‌ಟೈಮ್’ ಎಂಬ ಫಿಲ್ಟರ್ (ಕೋಡಿನಲ್ಲಿ ಮೌಲ್ಯ ಬದಲಿಸುವ ವ್ಯವಸ್ಥೆ) ಇದೆ. ಪದಗಳ ನಡುವೆ ಕೆಳಗೆರೆ ಹಾಕಿ ಬರೆಯಬೇಕು. ಅದರಲ್ಲಿ 3,600 ಎಂದು ಕೊಟ್ಟರೆ ಗಂಟೆಗೊಮ್ಮೆ ಹೊಸದಾಗುತ್ತದೆ. ಚರಿತ್ರೆಯ ಲೇಖನಕ್ಕೆ ಗಂಟೆಗೊಮ್ಮೆ ಧಾರಾಳವಾಯಿತು. ಈ ಸಂಗ್ರಹವನ್ನು ಪೂರ್ತಿ ತೆಗೆದುಹಾಕಲು ಮಾತ್ರ ಬಿಡಬೇಡಿ. ತೆಗೆದರೆ ಸಂಘದ ಪುಟವನ್ನು ಯಾರು ತೆರೆದರೂ ಪ್ರತಿ ಸಲ ಸರ್ವರ್ ಬ್ಲಾಗರ್‌ಗೆ ಹೋಗಿ ಫೀಡ್ ತಂದು, ಬಿಡಿಸಿ, ಆಮೇಲೆ ಪುಟ ಕೊಡಬೇಕಾಗುತ್ತದೆ. ಮೊಬೈಲ್ ಸಿಗ್ನಲ್ ಒಂದು ಗೆರೆ ಇರುವ ಹಳ್ಳಿಯಲ್ಲಿ ಓದುವವನು ಬಿಳಿ ಪರದೆ ನೋಡುತ್ತಾ ಕೂರಬೇಕು. ಬ್ಲಾಗರ್ ಉತ್ತರಿಸದ ದಿನ ನಿಮ್ಮ ಪುಟವೂ ತೆವಳುತ್ತದೆ. ಫೀಡ್ ಸಿಗದಿದ್ದಾಗ ದೋಷದ ಸಂದೇಶ ತೋರಿಸುವುದರ ಬದಲು ಹಿಂದಿನ ಸಲ ಸರಿಯಾಗಿ ಬಂದಿದ್ದ ಪಟ್ಟಿಯನ್ನೇ ತೋರಿಸುವಂತೆ ಹುಡುಗ ಒಂದೆರಡು ಸಾಲು ಸೇರಿಸಲಿ. ಓದುಗನಿಗೆ ನಿನ್ನೆಯ ಪಟ್ಟಿ ಕಂಡರೆ ನಷ್ಟವಿಲ್ಲ. ಕೆಂಪು ಅಕ್ಷರದ ದೋಷಸೂಚನೆ ಕಂಡರೆ ಜಾಲತಾಣವೇ ಕೆಟ್ಟಿದೆ ಎಂದು ಹೊರಟುಹೋಗುತ್ತಾನೆ.

ಅಕ್ಷರ ಒಡೆಯುವ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಏಕೆಂದರೆ ಇಂಗ್ಲಿಷಿನಲ್ಲಿರುವ ಯಾವ ಮಾರ್ಗದರ್ಶಿಯೂ ಇದನ್ನು ನಮಗಾಗಿ ಬಿಡಿಸಿ ಹೇಳುವುದಿಲ್ಲ.

‘ಸನ್ನತಿ’ ಎಂಬ ಪದವನ್ನೇ ನೋಡಿ. ನಮ್ಮ ಕಣ್ಣಿಗೆ ಅದರಲ್ಲಿ ಮೂರು ಅಕ್ಷರ: ಸ, ನ್ನ, ತಿ. ಯೂನಿಕೋಡ್‌ನಲ್ಲಿ ಅದು ಆರು ಸಂಕೇತ: ಸ, ನ, ವ್ಯಂಜನದ ಸ್ವರ ಅಡಗಿಸುವ ಹಲಂತ ಚಿಹ್ನೆ, ಮತ್ತೊಂದು ನ, ತ, ಗುಡಿಸು. ಕಂಪ್ಯೂಟರಿನಲ್ಲಿ ಅದನ್ನು ಯುಟಿಎಫ್-8 ಕ್ರಮದಲ್ಲಿ ಇಡುವಾಗ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ, ಒಟ್ಟು 18 ಬೈಟ್. ಇಂಗ್ಲಿಷಿನಲ್ಲಿ ಒಂದು ಅಕ್ಷರವೆಂದರೆ ಒಂದು ಸಂಕೇತ, ಒಂದು ಬೈಟ್. ಆದ್ದರಿಂದ ಇಂಗ್ಲಿಷ್ ಬರಹವನ್ನು ‘ಮೊದಲ 200 ಮಾತ್ರ ತೋರಿಸು’ ಎಂದು ಎಲ್ಲಿ ಕತ್ತರಿಸಿದರೂ ಅಪಾಯವಿಲ್ಲ. ವರ್ಡ್‌ಪ್ರೆಸ್ ನಡೆಯುವ ಪಿಎಚ್‌ಪಿ ಭಾಷೆಯ ‘ಸಬ್‌ಸ್ಟರ್’ ಎಂಬ ಆದೇಶ ಎಣಿಸುವುದು ಬೈಟುಗಳನ್ನು. ಕನ್ನಡದ ಅಕ್ಷರಗಳು ಮೂರು ಮೂರು ಬೈಟ್, ನಡುವಿನ ಖಾಲಿ ಜಾಗ ಮತ್ತು ಪೂರ್ಣವಿರಾಮ ಒಂದೊಂದು ಬೈಟ್. ಹಾಗಾಗಿ ಕತ್ತರಿ ಒಂದು ಸಂಕೇತದ ಮಧ್ಯದಲ್ಲಿಯೇ ಬೀಳುವ ಸಂಭವ ಬಹಳ. ಆಗ ಕೊನೆಯಲ್ಲಿ ಓರೆಯಾಗಿ ನಿಂತ ಕಪ್ಪು ಚೌಕದೊಳಗೆ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಹಳೆಯ ಪಿಎಚ್‌ಪಿ ಇರುವ ಸರ್ವರ್‌ಗಳಲ್ಲಿ ಅದಕ್ಕಿಂತ ಕೆಟ್ಟದ್ದು ಆಗುವುದುಂಟು: ಒಡೆದ ಒಂದು ಬೈಟಿನ ದೆಸೆಯಿಂದ ಸಾರಾಂಶ ಪೂರ್ತಿ ಖಾಲಿಯಾಗಿ ಬರುತ್ತದೆ, ಹುಡುಕುತ್ತಾ ಕೂತವನಿಗೆ ಕಾರಣವೇ ಹೊಳೆಯುವುದಿಲ್ಲ.

ಹುಡುಗ ಇದನ್ನು ಗುರುತಿಸಿ ‘ಎಂಬಿ ಸಬ್‌ಸ್ಟರ್’ ಬಳಸಬಹುದು. ಅದು ಸಂಕೇತಗಳನ್ನು ಎಣಿಸುತ್ತದೆ, ಕಪ್ಪು ಚೌಕ ಮಾಯವಾಗುತ್ತದೆ. ಅಷ್ಟಕ್ಕೆ ತೃಪ್ತಿಪಡಬಾರದು. ‘ಸನ್ನತಿ’ಯನ್ನು ಐದನೆಯ ಸಂಕೇತಕ್ಕೆ ಕತ್ತರಿಸಿದರೆ ಗುಡಿಸು ಹೋಗಿ ‘ಸನ್ನತ’ ಉಳಿಯುತ್ತದೆ. ಮೂರನೆಯದಕ್ಕೆ ಕತ್ತರಿಸಿದರೆ ಒತ್ತಕ್ಷರ ಹೋಗಿ ‘ಸನ್’ ಎಂದಾಗುತ್ತದೆ. ಯಂತ್ರದ ಲೆಕ್ಕದಲ್ಲಿ ಇವು ತಪ್ಪಲ್ಲ, ಆದ್ದರಿಂದ ಯಾವ ಎಚ್ಚರಿಕೆಯೂ ಬರುವುದಿಲ್ಲ. ಓದುಗನ ಕಣ್ಣಿಗೆ ಮಾತ್ರ ಅದು ಅಪಚಾರ. ಊರಿನ ಹೆಸರು, ಅರಸನ ಹೆಸರು ಹೀಗೆ ಮುರಿದು ಕಂಡರೆ ಬರೆದವರಿಗೇ ಕನ್ನಡ ಬರುವುದಿಲ್ಲವೇನೋ ಅನ್ನಿಸಿಬಿಡುತ್ತದೆ. ಆದ್ದರಿಂದ ಕನ್ನಡವನ್ನು ಪದಗಳ ನಡುವಿನ ಖಾಲಿ ಜಾಗದಲ್ಲಿ ಮಾತ್ರ ಕತ್ತರಿಸಬೇಕು. ವರ್ಡ್‌ಪ್ರೆಸ್‌ನಲ್ಲಿಯೇ ‘ಡಬ್ಲ್ಯುಪಿ ಟ್ರಿಮ್ ವರ್ಡ್ಸ್’ ಎಂಬ ಆದೇಶವಿದೆ, ಅದು ಪದಗಳನ್ನು ಎಣಿಸಿ ಕತ್ತರಿಸುತ್ತದೆ, ದಾರಿಯಲ್ಲಿ ಸಿಕ್ಕ ಎಚ್‌ಟಿಎಂಎಲ್ ಚಿಹ್ನೆಗಳನ್ನೂ ತೆಗೆದುಹಾಕುತ್ತದೆ. ಹುಡುಗ ಸ್ವಂತ ಕೋಡ್ ಬರೆಯುವುದನ್ನೇ ಬಿಟ್ಟು ವರ್ಡ್‌ಪ್ರೆಸ್ ಜೊತೆಯಲ್ಲಿಯೇ ಬರುವ ಆರ್‌ಎಸ್‌ಎಸ್ ಬ್ಲಾಕ್ (ಪುಟದಲ್ಲಿ ಇಡಬಹುದಾದ ಸಿದ್ಧ ಭಾಗ) ಹಾಕಿದರೂ ಆಯಿತು. ಅದರ ಒಳಗೆ ಇದೇ ಆದೇಶ ಕೆಲಸ ಮಾಡುತ್ತದೆ. ಫೀಡಿನ ವಿಳಾಸ ಕೊಟ್ಟು, ಎಷ್ಟು ಬರಹ, ಲೇಖಕರ ಹೆಸರು ಬೇಕೇ, ದಿನಾಂಕ ಬೇಕೇ, ಸಾರಾಂಶ ಬೇಕೇ ಎಂದು ಆರಿಸಿದರೆ ಮುಗಿಯಿತು. ನಿಮ್ಮ ಅಗತ್ಯಕ್ಕೆ ಈ ಬ್ಲಾಕ್ ಸಾಕು ಎಂಬುದು ನನ್ನ ಅಭಿಪ್ರಾಯ.

ಸಾರಾಂಶಕ್ಕೆ ವರ್ಡ್‌ಪ್ರೆಸ್ ತಾನಾಗಿ ಇಟ್ಟುಕೊಳ್ಳುವ ಮಿತಿ 55 ಪದ. ಇದು ಇಂಗ್ಲಿಷಿನ ಅಳತೆ. ವಿಭಕ್ತಿ, ಸಮಾಸ, ಸಂಧಿ ಎಲ್ಲ ಸೇರಿ ಕನ್ನಡದ ಪದ ಉದ್ದವಾಗುತ್ತದೆ. ‘ದೇವಸ್ಥಾನದೊಳಗಿನಿಂದ’ ಎಂಬುದು ಒಂದೇ ಪದ. ಮೊಬೈಲ್ ಪರದೆಯಲ್ಲಿ 55 ಕನ್ನಡ ಪದ ಎಂದರೆ ಒಂದು ಲೇಖನದ ಸಾರಾಂಶವೇ ಪರದೆ ತುಂಬುತ್ತದೆ, ಎರಡನೆಯ ಲೇಖನ ಇದೆ ಎಂಬುದೇ ಓದುಗನಿಗೆ ತಿಳಿಯುವುದಿಲ್ಲ. ಅದನ್ನು 25ಕ್ಕೆ ಇಳಿಸಿ. ನಿಮ್ಮ ಕಡೆಯಿಂದಲೂ ಒಂದು ಕೆಲಸವಿದೆ. ಲೇಖನದ ಮೊದಲ ವಾಕ್ಯದಲ್ಲಿಯೇ ಊರು ಯಾವುದು, ವಿಷಯ ಏನು ಎಂಬುದು ಬರಲಿ. ‘ಎಲ್ಲರಿಗೂ ನಮಸ್ಕಾರ, ಹಿಂದಿನ ಲೇಖನದಲ್ಲಿ ತಿಳಿಸಿದಂತೆ’ ಎಂದು ಆರಂಭಿಸಿದರೆ ಸಂಘದ ತಾಣದಲ್ಲಿ ಕಾಣುವುದು ಆ ನಮಸ್ಕಾರ ಮಾತ್ರ.

ಹಳೆಯ ಲೇಖನಗಳನ್ನು ಓದಲಿಕ್ಕೇ ಆಗುವುದಿಲ್ಲ ಎಂದಿರಿ. ಅವುಗಳನ್ನು ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಹಳೆಯ ಫಾಂಟ್ ಬಳಸಿ ಬೆರಳಚ್ಚು ಮಾಡಿ ಬ್ಲಾಗಿಗೆ ಅಂಟಿಸಿದ್ದಿರಬೇಕು. ಆ ಕಾಲದ ಫಾಂಟುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಫಾಂಟ್ ಅದರ ಮೇಲೆ ಕನ್ನಡದ ರೂಪ ತೊಡಿಸುತ್ತಿತ್ತು. ನಿಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ಬ್ಲಾಗ್ ಸರಿಯಾಗಿ ಕಾಣುತ್ತದೆ. ಫೀಡ್ ಸಾರಾಂಶ ಕೊಡುವಾಗ ಫಾಂಟಿನ ಹೆಸರು ಬಿದ್ದುಹೋಗಿ ಒಳಗಿನ ಸಂಕೇತ ಬಯಲಾಗುತ್ತದೆ. ಇದು ಫೀಡಿನ ದೋಷವಲ್ಲ. ಆ ಲೇಖನಗಳು ಮೊದಲಿನಿಂದಲೂ ನಿಮ್ಮ ಕಂಪ್ಯೂಟರಿನಾಚೆ ಮೊಬೈಲಿನಲ್ಲಿ ಓದಲು ಬರುತ್ತಿರಲಿಲ್ಲ, ಗೂಗಲ್‌ನಲ್ಲಿ ‘ಮಳಖೇಡ’ ಎಂದು ಹುಡುಕಿದರೆ ಸಿಗುತ್ತಲೂ ಇರಲಿಲ್ಲ. ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶದಿಂದ ಅವನ್ನು ಬದಲಿಸಿ ಮರಳಿ ಹಾಕಿ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತಿತ್ತು, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕಗಳು ಎಡವುವುದು ಅಲ್ಲಿಯೇ. ‘ಅಮೋಘವರ್ಷ’ ಸರಿಯಾಗಿ ಬಂದಿದೆಯೇ ಎಂದು ಮೊದಲು ಪರೀಕ್ಷಿಸಿ.

ಸರ್ವರ್ ಗೊಡವೆ ಬೇಡ, ಪುಟದಲ್ಲಿಯೇ ಜಾವಾಸ್ಕ್ರಿಪ್ಟ್ ಬರೆದು ಓದುಗನ ಬ್ರೌಸರ್ ನೇರವಾಗಿ ಫೀಡ್ ತರಲಿ ಎಂದು ಯಾರಾದರೂ ಹೇಳಿಯಾರು. ಒಂದು ತಾಣದ ಪುಟ ಇನ್ನೊಂದು ತಾಣದ ದತ್ತಾಂಶವನ್ನು ಆ ತಾಣದ ಒಪ್ಪಿಗೆಯಿಲ್ಲದೆ ಓದದಂತೆ ಬ್ರೌಸರ್ ತಡೆಯುತ್ತದೆ. ಇದು ಓದುಗನ ಸುರಕ್ಷತೆಗಾಗಿ ಇರುವ ನಿಯಮ. ಆ ತಡೆಯನ್ನು ದಾಟಲು ಜನ ನಡುವೆ ಮೂರನೆಯವರ ಉಚಿತ ಸೇವೆಗಳನ್ನು ಬಳಸುತ್ತಿದ್ದರು. ಯಾಹೂ ಪೈಪ್ಸ್ 2015ರಲ್ಲಿ ಮುಚ್ಚಿತು, ಗೂಗಲ್‌ನ ಫೀಡ್ ಎಪಿಐ ಕೂಡ ನಿಂತಿತು, ಅವುಗಳನ್ನು ನಂಬಿದ್ದ ಪುಟಗಳಲ್ಲಿ ಖಾಲಿ ಚೌಕಗಳು ಉಳಿದವು. ಸಂಘದ ತಾಣಕ್ಕೆ ಸ್ವಂತ ಸರ್ವರ್ ಇರುವಾಗ ಮಧ್ಯವರ್ತಿ ಏಕೆ ಬೇಕು? ಇಡೀ ಬ್ಲಾಗನ್ನೇ ಚೌಕಟ್ಟಿನೊಳಗೆ ತೋರಿಸುವ ಐಫ್ರೇಮ್ ಅಂತೂ ಬೇಡವೇ ಬೇಡ, ಮೊಬೈಲಿನಲ್ಲಿ ಅದನ್ನು ಓದುವುದು ಹಿಂಸೆ.

ಚಿತ್ರಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಕೋಟೆಯ ಚಿತ್ರವಿಲ್ಲದ ಕೋಟೆಯ ಲೇಖನವನ್ನು ಯಾರು ಒತ್ತುತ್ತಾರೆ? ಆರ್‌ಎಸ್‌ಎಸ್ ಬ್ಲಾಕ್ ಚಿತ್ರ ತೋರಿಸುವುದಿಲ್ಲ. ಬ್ಲಾಗರ್‌ನ ಫೀಡಿನಲ್ಲಿ ಚಿತ್ರವಿರುವ ಪ್ರತಿ ಲೇಖನಕ್ಕೂ 72 ಪಿಕ್ಸೆಲ್‌ನ ಸಣ್ಣ ಚೌಕ ಚಿತ್ರವೊಂದರ ವಿಳಾಸ ಇರುತ್ತದೆ. ಹುಡುಗ ಸ್ವಲ್ಪ ಶ್ರಮಪಟ್ಟು ಕೋಡ್ ಬರೆದರೆ ಅದನ್ನು ಶೀರ್ಷಿಕೆಯ ಪಕ್ಕ ಇಡಬಹುದು. ಹಾಗೆ ಸ್ವಂತ ಕೋಡ್ ಬರೆಯುವುದಾದರೆ ಒಂದು ಎಚ್ಚರ ಬೇಕು. ಫೀಡಿನಿಂದ ಬರುವುದೆಲ್ಲ ಹೊರಗಿನ ಸರಕು. ನಿಮ್ಮ ಬ್ಲಾಗಿನ ಪಾಸ್‌ವರ್ಡ್ ಯಾರ ಕೈಗಾದರೂ ಸಿಕ್ಕು ಅವರು ಅದರಲ್ಲಿ ಕೆಟ್ಟ ಸ್ಕ್ರಿಪ್ಟ್ ಸೇರಿಸಿದರೆ ಅದು ಸಂಘದ ತಾಣದಲ್ಲಿಯೂ ಓಡಬಾರದು. ಶೀರ್ಷಿಕೆ, ಸಾರಾಂಶ, ಕೊಂಡಿ ಮೂರನ್ನೂ ಶುದ್ಧಗೊಳಿಸಿಯೇ ಪುಟಕ್ಕೆ ಹಾಕಬೇಕು. ಸಮಯವನ್ನೂ ಭಾರತೀಯ ಕಾಲಮಾನಕ್ಕೆ ಬದಲಿಸಬೇಕು. ಇಲ್ಲವಾದರೆ ನೀವು ನಸುಕಿನಲ್ಲಿ ಐದೂವರೆಗೆ ಮೊದಲು ಪ್ರಕಟಿಸಿದ ಲೇಖನಕ್ಕೆ ಹಿಂದಿನ ದಿನದ ದಿನಾಂಕ ಬೀಳುತ್ತದೆ.

ಬೀದರ್, ಯಾದಗಿರಿಯ ಗೆಳೆಯರ ಬ್ಲಾಗುಗಳನ್ನು ಖಂಡಿತ ಸೇರಿಸಬಹುದು. ವರ್ಡ್‌ಪ್ರೆಸ್‌ನ ‘ಫೆಚ್ ಫೀಡ್’ ಆದೇಶಕ್ಕೆ ಒಂದೇ ವಿಳಾಸದ ಬದಲು ಹಲವು ವಿಳಾಸಗಳನ್ನು ಒಟ್ಟಿಗೆ ಕೊಟ್ಟರೆ ಎಲ್ಲವನ್ನೂ ದಿನಾಂಕದ ಪ್ರಕಾರ ಹೆಣೆದು ಒಂದೇ ಪಟ್ಟಿ ಮಾಡಿಕೊಡುತ್ತದೆ. ಅವರಲ್ಲಿ ಯಾರಾದರೂ ವರ್ಡ್‌ಪ್ರೆಸ್‌ನಲ್ಲಿ ಬರೆಯುವವರಿದ್ದರೆ ಅವರ ತಾಣದ ವಿಳಾಸದ ಮುಂದೆ ಓರೆಗೆರೆ ಹಾಕಿ ಫೀಡ್ ಎಂದು ಸೇರಿಸಿದರೆ ಆಯಿತು. ಮಹಮೂದ್ ಗವಾನನ ಮದರಸಾದ ಬಗ್ಗೆ ಬೀದರಿನಿಂದ, ಸುರಪುರದ ನಾಯಕರ ಬಗ್ಗೆ ಯಾದಗಿರಿಯಿಂದ, ಮಳಖೇಡದ ಬಗ್ಗೆ ನಿಮ್ಮಿಂದ, ಹೀಗೆ ಮೂರು ಜಿಲ್ಲೆಯ ಬರಹ ಒಂದೇ ಪುಟದಲ್ಲಿ ಕಾಣುವುದಾದರೆ ಅದಕ್ಕಾಗಿ ಎಷ್ಟು ಶ್ರಮಪಟ್ಟರೂ ಸಾರ್ಥಕ ಎಂದೇ ನಾನು ನಂಬಿದ್ದೇನೆ. ಮಿಶ್ರ ಪಟ್ಟಿಯಲ್ಲಿ ಪ್ರತಿ ಶೀರ್ಷಿಕೆಯ ಕೆಳಗೆ ಲೇಖಕರ ಹೆಸರು ಮತ್ತು ಬ್ಲಾಗಿನ ಹೆಸರು ಕಡ್ಡಾಯವಾಗಿ ಇರಲಿ. ಲೇಖಕರಾಗಿ ಗುರುತಿಸಿಕೊಳ್ಳುವ ಹಕ್ಕನ್ನು 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಂ ಕೊಡುತ್ತದೆ. ಫೀಡ್ ಎಲ್ಲರಿಗೂ ತೆರೆದಿದೆ ಎಂದ ಮಾತ್ರಕ್ಕೆ ಮರುಪ್ರಕಟಣೆಗೆ ಅನುಮತಿ ಸಿಕ್ಕಂತಲ್ಲ. ಆದ್ದರಿಂದ ಸೇರಿಸುವ ಮೊದಲು ಒಬ್ಬೊಬ್ಬರಿಂದಲೂ ಒಂದು ಇ-ಮೇಲ್ ಪಡೆಯಿರಿ. ಶೀರ್ಷಿಕೆ, 25 ಪದ, ಸಣ್ಣ ಚಿತ್ರ ಮತ್ತು ಕೊಂಡಿ ಮಾತ್ರ ತೋರಿಸುತ್ತೇವೆ, ಬೇಡವೆಂದರೆ ತೆಗೆಯುತ್ತೇವೆ ಎಂದು ಸಂಘದ ಕಡೆಯಿಂದ ಬರೆಯಿರಿ. ಒಪ್ಪಿಗೆ ಎಂದು ಅವರು ಮರುಉತ್ತರ ಕಳಿಸಲಿ. ಬ್ಲಾಗಿನ ವಿಳಾಸ ಬದಲಿಸಿದಾಗ ತಿಳಿಸಬೇಕೆಂದೂ ಅದರಲ್ಲಿಯೇ ಕೇಳಿಕೊಳ್ಳಿ, ಏಕೆಂದರೆ ವಿಳಾಸ ಬದಲಾದರೆ ಫೀಡಿನ ವಿಳಾಸವೂ ಬದಲಾಗುತ್ತದೆ, ಆ ಗೆಳೆಯರ ಬರಹಗಳು ಪಟ್ಟಿಯಿಂದ ಸದ್ದಿಲ್ಲದೆ ಮರೆಯಾಗಬಹುದು.